ಜಡೆ ಮುಗಿಯುವ ತನಕ

ಒಂದು ತಲೆಗೆ ಐದು ಗಂಟೆ.
ಸಣ್ಣ ಎಳೆಯೇ ಬೇಕೆಂದರೆ ಏಳು.
ಕೂತವಳು ನಡುವೆ ಎದ್ದು ಹೋಗುವಂತಿಲ್ಲ,
ಅರ್ಧ ಹೆಣೆದ ತಲೆ ಹೊತ್ತು
ಕೆಟಾದ ಬೀದಿಗೆ ಯಾರು ಇಳಿಯುತ್ತಾರೆ?
ಕಾಫುಯಿ ಅಕ್ಕನಿಗೆ ಇದು ಚೆನ್ನಾಗಿ ಗೊತ್ತು.

ನಾನಾಗ ಗುಡಿಸುವ ಹುಡುಗಿ.
ಬಾಚಣಿಗೆ ತೊಳೆಯುವುದು, ಉದುರಿದ್ದನ್ನು ಒಟ್ಟು ಮಾಡುವುದು,
ಜಡೆತುದಿಯನ್ನು ಕುದಿನೀರಲ್ಲಿ ಅದ್ದುವಾಗ
ಬಕೀಟು ಹಿಡಿದು ನಿಲ್ಲುವುದು.
ಹೊರಗೆ ಸಮುದ್ರ. ಹಳೆ ಕೋಟೆಯ ಗೋಡೆ ತಿಂದೂ
ಹಸಿವು ಹಸಿವು ಎನ್ನುತ್ತಿತ್ತು.
ಮೀನು ಸುಡುವ ಹೊಗೆ ನಮ್ಮ ಕನ್ನಡಿಗೂ ಮೆತ್ತಿತ್ತು.

ಅಕ್ಕ ಮೊದಲು ಈರುಳ್ಳಿಯ ಬೆಲೆ ಮಾತಾಡುತ್ತಾಳೆ.
ಆಮೇಲೆ ಅತ್ತೆಯಂದಿರು.
ಮೂರನೆಯ ಸಾಲಿಗೆ ಬಂದಾಗ,
ಎಳೆ ಬಿಗಿಯಾಗಿ ಕೈಯಲ್ಲಿರುವಾಗ,
"ಎದೆ ಮುಟ್ಟಿ ನೋಡಿಕೊಂಡು ಎಷ್ಟು ದಿನವಾಯಿತು?" ಎನ್ನುತ್ತಾಳೆ,
ಸಾರಿಗೆ ಉಪ್ಪು ಹಾಕಿದೆಯಾ ಎಂದು ಕೇಳಿದ ಹಾಗೆ.

ಒಬ್ಬಳು ಶಿಲುಬೆಯ ಗುರುತು ಹಾಕಿಕೊಂಡಳು.
ಮೀನು ಸುಡುವ ಡ್ಜಿಫಾ ಮಾತ್ರ ಕತ್ತು ತಿರುಗಿಸದೆ ಅಂದಳು:
"ಮುಟ್ಟುವುದು ಗಂಡನ ಕೆಲಸ, ಚೀಪುವುದು ಮಗುವಿನ ಕೆಲಸ,
ಅಲ್ಲಿ ನನಗೇನಮ್ಮ ಕೆಲಸ?"
ಇಡೀ ಅಂಗಡಿ ನಕ್ಕಿತು. ಅಕ್ಕನೂ.
ನಗುತ್ತಲೇ ಖಾನೆ ಎಳೆದು
ಆ ಚೀಲ ತೆಗೆದು ಅವಳ ಮಡಿಲಿಗೆ ಹಾಕಿದಳು.

ಹಳೆ ಲಂಗದ ಬಟ್ಟೆ. ಒಳಗೆ ಮರಗೆಣಸಿನ ಹಿಟ್ಟು.
ಹಿಟ್ಟಿನಲ್ಲಿ ಎಲ್ಲೋ ಒಂದೇ ಒಂದು ಅಲಸಂದೆ ಕಾಳು.
"ಹುಡುಕು. ಉಗುರಲ್ಲ, ಬೆರಳಿನ ಮೆತ್ತೆಯಲ್ಲಿ.
ಸುತ್ತು ಸುತ್ತಾಗಿ, ಕಂಕುಳದ ತನಕ.
ಚರ್ಮ ಕಿತ್ತಳೆಸಿಪ್ಪೆಯಂತಾದರೆ, ತೊಟ್ಟು ಒಳಗೆ ಸರಿದರೆ,
ನೋವಿಲ್ಲವಲ್ಲ ಎಂದು ಸುಮ್ಮನಿರಬೇಡ.
ಸದ್ದು ಮಾಡಿಕೊಂಡು ಬರುವ ಕಳ್ಳ ಯಾರು?
ಎಲ್ಲ ಗಂಟೂ ಅದೇ ಅಲ್ಲ. ಹೆಚ್ಚಿನವು ಅಲ್ಲವೇ ಅಲ್ಲ.
ಅಲ್ಲ ಅನ್ನುವುದನ್ನು ಆಸ್ಪತ್ರೆ ಹೇಳಲಿ,
ನಾನು ನೀನು ಹೇಳುವುದು ಬೇಡ."

ಆ ಲಂಗ ಅವಳ ತಂಗಿಯದು, ಡೆಲಾಳದು.
ಗೊತ್ತಾಗಿಯೂ ಡೆಲಾ ಬಾಯಿ ಬಿಡಲಿಲ್ಲ.
ಎಲೆ ಅರೆದು ಕಟ್ಟಿಕೊಂಡಳು,
ಮೂರು ತಿಂಗಳು ಪ್ರಾರ್ಥನೆಯ ಬಿಡಾರದಲ್ಲಿ ಮಲಗಿದಳು.
ಅಕ್ಕ ಅದನ್ನು ಹೇಳಿದ್ದು ಒಮ್ಮೆ ಮಾತ್ರ, ಕರೆಂಟು ಹೋದ ಸಂಜೆ:
"ತಿಂಗಳಿಗೊಮ್ಮೆ ನನ್ನ ಮೊಣಕಾಲಿಗೆ ಒರಗಿ ಕೂರುತ್ತಿದ್ದಳು.
ನೆತ್ತಿಯ ಮೇಲಿನ ಒಂದೊಂದು ಗಾಯವೂ ಗೊತ್ತಿತ್ತು ನನಗೆ.
ಒಂದು ಮೊಳ ಕೆಳಗೆ ಏನಿದೆಯೆಂದು
ಕೇಳಲಿಲ್ಲ."

ಕನ್ನಡಿಯ ಪಕ್ಕ ಹಾಲುಪುಡಿಯ ಡಬ್ಬಿ, ಮುಚ್ಚಳದಲ್ಲಿ ಸೀಳು.
ಚಿಲ್ಲರೆ ಉಳಿದರೆ ಅದಕ್ಕೆ.
ಸೋಮವಾರ ಅಂಗಡಿಗೆ ಬೀಗ, ಡಬ್ಬಿಗೆ ಬಾಯಿ:
ಹೋ ಪಟ್ಟಣದ ಆಸ್ಪತ್ರೆಗೆ ಟ್ರೊಟ್ರೊ ಹತ್ತಿ
ಒಬ್ಬಳೋ ಇಬ್ಬರೋ, ಜೊತೆಗೆ ಅಕ್ಕ,
ದಾರಿಯುದ್ದಕ್ಕೂ ಕಡಲೆಕಾಯಿ ಸುಲಿಯುತ್ತ.

ಡ್ಜಿಫಾ ಮತ್ತೆ ಬಂದದ್ದು ಕತ್ತಲಾದ ಮೇಲೆ.
ಜಡೆ ಇನ್ನೂ ಹೊಸದು, ಬಿಚ್ಚುವ ಕಾಲವಲ್ಲ.
ಬಾಗಿಲಲ್ಲಿ ನಿಂತು, "ಆ ಕಾಳು..." ಎಂದಳು. ಅಷ್ಟೇ.
ಅಕ್ಕ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು.
ಖಾಲಿ ಬಕೀಟು ಯಾಕೆ ಹಿಡಿದು ನಿಂತಿದ್ದೆನೋ.
ಸಮುದ್ರ ತನ್ನ ಕೆಲಸ ಮಾಡುತ್ತಿತ್ತು.

ಅಕ್ಟೋಬರಿನಲ್ಲಿ ರಾಜಧಾನಿಯವರು ಗುಲಾಬಿ ಬಣ್ಣದ ರಿಬ್ಬನ್ನು ತಂದರು,
ಫೋಟೋ ತೆಗೆದರು. ಒಳ್ಳೆಯ ಜನ.
ರಿಬ್ಬನ್ನಿನಿಂದ ಅಕ್ಕ ಡಬ್ಬಿಯ ಮುಚ್ಚಳ ಕಟ್ಟಿದಳು.

ಔಷಧಿ ಶುರುವಾದ ಮೇಲೆ ಹೆಣೆಯಲು ಏನೂ ಉಳಿಯಲಿಲ್ಲ.
ಆದರೂ ಡ್ಜಿಫಾ ಬಂದಳು, ಅದೇ ಕುರ್ಚಿ, ಪೂರಾ ಐದು ಗಂಟೆ.
ಬೋಳುನೆತ್ತಿಗೆ ಅಕ್ಕ ಶಿಯಾ ಬೆಣ್ಣೆ ತಿಕ್ಕುತ್ತಿದ್ದರೆ
ಪಕ್ಕದ ಕುರ್ಚಿಯ ಮದುಮಗಳ ಕಡೆ ತಿರುಗಿ ಇವಳೇ ಕೇಳಿದಳು:
"ಏ, ಎದೆ ಮುಟ್ಟಿ ನೋಡಿಕೊಂಡು ಎಷ್ಟು ದಿನವಾಯಿತು?
ನಿನ್ನ ಗಂಡನ್ನಲ್ಲ, ನಿನ್ನನ್ನು ಕೇಳಿದ್ದು."

ಬೆರಳಾಡಿ ಆಡಿ ಚೀಲ ಈಚೆಗೆ ಹರಿಯಿತು.
ಡೆಲಾಳ ಬಟ್ಟೆಯನ್ನು ಅಕ್ಕ ಮಡಿಚಿ ಒಳಗಿಟ್ಟಳು.
ಹೊಸದನ್ನು ನಾನೇ ಹೊಲಿದೆ, ನನ್ನ ಶಾಲೆಯ ಲಂಗದಲ್ಲಿ.
ಹಿಟ್ಟು ತುಂಬಿದೆ. ಕಾಳು ಹಾಕಿದೆ.
ಎಲ್ಲಿ ಹಾಕಿದೆನೆಂದು
ಅಕ್ಕನಿಗೂ ಹೇಳಿಲ್ಲ.